ಎಕ್ಸರೇ ಕೋಣೆಯ ಅರಿಶಿನ ಕೊಂಬು

ಮೊನ್ನೆ ಬೀದರಿಗೆ ಹೋದಾಗ ಅಲ್ಲಿಯ ಮೈಲೂರು ಬಡಾವಣೆಯಲ್ಲಿ ನನ್ನ ತಮ್ಮನ ಮೊಮ್ಮಗಳು ಪ್ರಜ್ಞಾಳ ಮನೆಯಲ್ಲಿ ಇಳಿದಿದ್ದೆ. ಬೆಳಗಿನ ಚಹಾ ಕುಡಿಯುತ್ತ ಕೂತಿದ್ದೇನೆ, ಅಡುಗೆಮನೆಯಿಂದ ಒಂದು ಹುಳಿ ವಾಸನೆ ಬಂತು. ಕಪ್ಪು ಕೆಳಗಿಟ್ಟು ಎದ್ದು ಹೋದೆ. ಹುಡುಗಿ ಸಿಂಕಿಗೆ ಸಿರ್ಕಾ, ಅದೇ ವಿನೆಗರ್, ಸುರಿದು ತಿಕ್ಕುತ್ತಿದ್ದಳು.

“ಯಾಕ ಆಯಿ, ವಾಸನಿ ತಡಕೊಳ್ಳಕ ಆಗವಲ್ದೇನು? ಕಿಡಕಿ ತೆಗೀಲೇನು?” ಅಂದಳು.

“ಬ್ಯಾಡ ಬ್ಯಾಡ. ಇನ್ನಷ್ಟು ಸುರಿ,” ಅಂದೆ.

ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಎಂಬತ್ತು ದಾಟಿದವಳನ್ನು ಏನು ಕೇಳುವುದು ಅಂತ ಅವಳು ಇನ್ನಷ್ಟು ಸುರಿದಳು. ನಾನು ಮಾತ್ರ ಬಾಗಿಲಿಗೆ ಒರಗಿ ನಿಂತು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಈಗಿನ ಎಕ್ಸರೇಗೆ ವಾಸನೆಯೇ ಇಲ್ಲ. ಗುಂಡಿ ಒತ್ತಿದರೆ ಟಿ.ವಿ.ಯಂಥ ಪರದೆಯ ಮೇಲೆ ಎಲುಬು ಬಂದು ನಿಲ್ಲುತ್ತದೆ. ನಮ್ಮ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಫಿಲ್ಮನ್ನು ಒಂದಾದ ಮೇಲೊಂದು ಔಷಧಿ ನೀರಿನಲ್ಲಿ ಅದ್ದಿ, ತೊಳೆದು, ಬಟ್ಟೆ ಒಣಗಿಸುವ ಹಾಗೆ ತೂಗುಹಾಕಬೇಕಿತ್ತು. ಕೊನೆಯ ನೀರಿನ ವಾಸನೆ ಥೇಟ್ ಈ ಸಿರ್ಕಾದ್ದೇ. ಆ ವಾಸನೆಯಲ್ಲೇ ನಾನು ಒಂದು ವರ್ಷ ಬದುಕಿದೆ. ನನ್ನ ಬದುಕಿಗೆ ದಾರಿ ಹಾಕಿಕೊಟ್ಟದ್ದೂ ಅದೇ ವರ್ಷ.

ನಾನು ಹೇಳುತ್ತಿರುವುದು ಬೀದರ ಜಿಲ್ಲೆ ಹೈದರಾಬಾದಿನ ಕೈಬಿಟ್ಟು ಮೈಸೂರು ರಾಜ್ಯ ಸೇರಿದ ವರ್ಷದ ಮಾತು. ನಾವು ಎಲ್ಲಿಗೂ ಹೋಗಲಿಲ್ಲ, ಮನೆ ಬದಲಿಸಲಿಲ್ಲ, ರಾಜ್ಯವೇ ಬದಲಾಯಿತು. ನಮ್ಮೂರು ಔರಾದ ತಾಲೂಕಿನ ಸಂತಪುರ. ಅಪ್ಪ ಅಲ್ಲಿ ಸಾಲಿ ಮಾಸ್ತರು, ಜೊತೆಗೆ ಒಂದಿಷ್ಟು ಜೋಳದ ಹೊಲ. ಆ ಚಳಿಗಾಲದಲ್ಲೇ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ಮನೆಯ ಗೂಡಿನಲ್ಲಿ ಬುದ್ಧನ ಪಟ ಇಟ್ಟರು. “ರಾಜ್ಯ ಬದಲಾಯ್ತು, ದೇವ್ರೂ ಬದಲಾದ. ಇನ್ ಮಗಳೊಬ್ಬಾಕಿ ಉಳದಾಳ,” ಅಂತ ಅವ್ವ ನಕ್ಕಿದ್ದಳು. ಮಗಳು ಬದಲಾಗಲು ತುದಿಗಾಲಲ್ಲಿ ನಿಂತಿದ್ದಳು ಅನ್ನುವುದು ಅವಳಿಗೂ ಗೊತ್ತಿತ್ತು.

ಮೆಟ್ರಿಕ್ ಮುಗಿಸಿ ನಾನು ಮೈಲೂರಿನಲ್ಲಿ ಅತ್ತೆಯ ಮನೆಯಲ್ಲಿದ್ದೆ. ಅಪ್ಪನ ಅಕ್ಕ, ಬಲು ಗಟ್ಟಿ ಹೆಂಗಸು. ಆ ಕಾಲಕ್ಕೆ ಊರಲ್ಲಿ ಒಂದು ಧರ್ಮಾರ್ಥ ದವಾಖಾನೆ ಇತ್ತು, ಈಗ ಅದರ ಗೋಡೆಯೂ ಉಳಿದಿಲ್ಲ. ಅಲ್ಲಿ ಎಕ್ಸರೇ ತೆಗೆಯುತ್ತಿದ್ದವರು ಕರೀಂ ಸಾಹೇಬರು. ನಮ್ಮ ಓಣಿಯವರೇ. ಹೈದರಾಬಾದಿನಲ್ಲಿ ಕಲಿತು ಬಂದವರು, ಔಷಧಿ ನೀರಿಗೆ ಉಗುರೆಲ್ಲ ಕಪ್ಪಾಗಿದ್ದವು. ಅವರಿಗೊಂದು ದೊಡ್ಡ ಫಜೀತಿ ಇತ್ತು. ಹೆಂಗಸರು ಎಕ್ಸರೇ ಕೋಣೆಗೆ ಕಾಲಿಡುತ್ತಿರಲಿಲ್ಲ. ಕತ್ತಲೆ ಕೋಣೆ, ಒಳಗೆ ಗಂಡಸು, ಎದೆಗೆ ಹಲಗೆ ಒತ್ತಿ ನಿಲ್ಲು ಅಂದರೆ ಯಾವ ಹೆಂಗಸು ನಿಂತಾಳು? ಬಾಗಿಲ ತನಕ ಬಂದು ತಿರುಗಿ ಹೋಗುತ್ತಿದ್ದರು, ಕೆಮ್ಮುತ್ತಲೇ.

“ಆಪಾ, ನಿಮ್ಮ ಹುಡುಗಿಗಿ ಕಳಸ್ರಿ. ಆಕಿ ಒಳಗ ನಿಂತ್ರ ಹೆಣ್ಮಕ್ಕಳು ಬರ್ತಾರ. ಕೆಲಸಾ ಭೀ ಕಲೀತಾಳ,” ಅಂತ ಅತ್ತೆಯನ್ನು ಕೇಳಿಕೊಂಡರು. ಅತ್ತೆ ನನ್ನನ್ನು ನೋಡಿದಳು. ನಾನು ಆಗಲೇ ಚಪ್ಪಲಿ ಹಾಕಿಕೊಂಡಿದ್ದೆ.

ಮೊದಲ ದಿನ ಸಾಹೇಬರು ಒಬ್ಬ ಗೌಂಡಿಯ ಮುರಿದ ಕೈಯ ಫಿಲ್ಮನ್ನು ತಟ್ಟೆಯಲ್ಲಿ ಅದ್ದಿ, “ನೋಡ್ತಾ ನಿಂದ್ರು ಬೇಟಿ,” ಅಂದರು. ಕೆಂಪು ಬೆಳಕಿನಲ್ಲಿ ಏನೂ ಕಾಣಲಿಲ್ಲ. ಆಮೇಲೆ ನೀರಿನೊಳಗೆ ಬೆರಳ ಎಲುಬುಗಳು ಒಂದೊಂದಾಗಿ ಮೇಲೆದ್ದು ಬಂದವು. ನನ್ನ ಕೈಯನ್ನು ನಾನೇ ತಿರುಗಿಸಿ ನೋಡಿಕೊಂಡೆ. ಒಳಗೆ ಇಂಥದ್ದೆಲ್ಲ ಇಟ್ಟುಕೊಂಡು ಇಷ್ಟು ದಿನ ರೊಟ್ಟಿ ಬಡಿದೆನಲ್ಲ ಅನ್ನಿಸಿತು. ಈ ಕೆಲಸ ಬಿಟ್ಟು ಬೇರೆ ಏನೂ ಮಾಡಲಾರೆ ಅಂತ ಆ ಗಳಿಗೆಯಲ್ಲೇ ಗೊತ್ತಾಗಿಹೋಯಿತು.

ಹೈದರಾಬಾದಿನಲ್ಲಿ ಸಾಹೇಬರ ಉಸ್ತಾದರಿದ್ದರು. ಅವರ ಕೈಕೆಳಗೆ ತರಬೇತಿಗೆ ನನ್ನನ್ನು ಸೇರಿಸುವುದೆಂದು ಮಾತಾಯಿತು. ಅದಕ್ಕಾಗಿ ಸಾಹೇಬರು ತಮ್ಮ ಹಳೆಯ ಉರ್ದು ಪುಸ್ತಕ ತೆಗೆದು ನನಗೆ ಪಾಠ ಮಾಡಿದರು. ಪಕ್ಕೆಲುಬಿಗೆ ಪಸ್ಲಿ, ಕೊರಳ ಕೆಳಗಿನ ಅಡ್ಡ ಎಲುಬಿಗೆ ಹಂಸ್ಲಿ. ಮಳೆಗಾಲವೆಲ್ಲ ನಾನು ಪಸ್ಲಿ ಹಂಸ್ಲಿ ಅಂತ ಬಾಯಿಪಾಠ ಮಾಡಿದೆ. ಅಷ್ಟರಲ್ಲಿ ದೀಪಾವಳಿಯ ಹೊತ್ತಿಗೆ ರಾಜ್ಯ ಬದಲಾಯಿತು. ಊರಲ್ಲಿ ಪೇಢೆ ಹಂಚಿದರು, ನಾನೂ ತಿಂದೆ. ತಿಂದ ಮೇಲೆ ತಿಳಿಯಿತು: ಇನ್ನು ಮೇಲೆ ನಮ್ಮ ಜಿಲ್ಲೆಯವರು ತರಬೇತಿಗೆ ಬೆಂಗಳೂರಿಗೆ ಅರ್ಜಿ ಹಾಕಬೇಕು, ಪಾಠ ಕನ್ನಡ-ಇಂಗ್ಲಿಷಿನಲ್ಲಿ, ದವಾಖಾನೆಯ ಡಾಕ್ಟರು ಶಿಫಾರಸು ಮಾಡಿದರೆ ಮಾತ್ರ ಸಂದರ್ಶನಕ್ಕೆ ಕರೆಯುತ್ತಾರೆ.

“ಬೆಂಗಳೂರಾಗ ನನ್ನ ಹೆಸರು ಹೇಳಿದ್ರ ಚಾ ಸುದ್ದಾ ಕೊಡಲ್ಲ ಬೇಟಿ,” ಅಂತ ಕರೀಂ ಸಾಹೇಬರು ಪುಸ್ತಕ ಮುಚ್ಚಿಟ್ಟರು. ಆದರೆ ಮರುದಿನ ಅವರೇ ಎಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಕ ತಂದರು. ಅವರಿಗೆ ಎಲುಬು ಗೊತ್ತು, ಇಂಗ್ಲಿಷ್ ಬರದು. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಎಲುಬು ಗೊತ್ತಿಲ್ಲ. ಕುಂಟನೂ ಕುರುಡನೂ ಕೂಡಿ ದಾರಿ ನಡೆದ ಹಾಗೆ ನಾವು ಆ ಪುಸ್ತಕದಲ್ಲಿ ನಡೆದೆವು. ಹಂಸ್ಲಿ ಹೋಗಿ ಕ್ಲಾವಿಕಲ್ ಆಯಿತು.

ಶಿಫಾರಸು ಮಾಡಬೇಕಾದ ಡಾಕ್ಟರು ಆಗಷ್ಟೇ ಮೈಸೂರು ಕಡೆಯಿಂದ ಬಂದಿದ್ದರು. ಹೆಸರು ಚನ್ನಕೇಶವ, ಊರಿಗೆಲ್ಲ ಮೈಸೂರು ಡಾಕ್ಟರು. ನಮ್ಮ ಜೋಳದ ರೊಟ್ಟಿ ಅಗಿಯುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳುತ್ತಿತ್ತಂತೆ, ಅವರ ಮಾತು ನಮಗೆ ಮಗುವನ್ನು ಮಲಗಿಸುವ ಹಾಗೆ. ಕೆಲಸದಲ್ಲಿ ಮಾತ್ರ ಕಟ್ಟುನಿಟ್ಟು. ಬಂದ ವಾರವೇ ಹೆಂಗಸರ ಎದೆಯ ಫಿಲ್ಮುಗಳನ್ನು ಕಿಟಕಿಗೆ ಹಿಡಿದು ನೋಡಿ, “ಏನಮ್ಮ ಇದು, ಶ್ವಾಸಕೋಶ ನೋಡಲೋ, ಒಡವೆ ಅಂಗಡಿ ನೋಡಲೋ?” ಅಂದರು.

ಅವರು ಹೇಳಿದ್ದು ಸರಿಯೇ. ನಾನು ಬಂದ ಮೇಲೆ ಹೆಂಗಸರು ಕೋಣೆಯೊಳಗೆ ಬರತೊಡಗಿದ್ದರು, ಆದರೆ ಯಾರೂ ತಾಳಿ ತೆಗೆಯುತ್ತಿರಲಿಲ್ಲ. ಫಿಲ್ಮಿನ ಮೇಲೆ ತಾಳಿ ಬಟ್ಟಲು, ಗುಂಡು, ಮಣಿ ಎಲ್ಲ ಬೆಳ್ಳಗೆ ಮೂಡಿ, ಹಿಂದಿನ ರೋಗ ಅಡಗಿ ಕೂರುತ್ತಿತ್ತು. ತೆಗೆಯಿರಿ ಅಂದರೆ ಎದ್ದು ಹೊರಟುಬಿಡುತ್ತಿದ್ದರು. ಗಂಡ ಬದುಕಿರುವಾಗ ಕೊರಳು ಬರಿದು ಮಾಡುವುದುಂಟೆ? ಇನ್ನು ಮೇಲೆ ತಾಳಿ ಇದ್ದ ಫಿಲ್ಮು ನೋಡುವುದೇ ಇಲ್ಲ ಅಂತ ಡಾಕ್ಟರು ಹಟ ಹಿಡಿದರು. ನೋಡದಿದ್ದರೆ ಹೆಂಗಸರು ಬರುವುದಿಲ್ಲ, ಹೆಂಗಸರು ಬರದಿದ್ದರೆ ನನಗೆ ಅಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಶಿಫಾರಸು ಯಾವುದಕ್ಕೆ?

ದಾರಿ ತೋರಿಸಿದವಳು ಅತ್ತೆ. ರೊಟ್ಟಿ ಬೇಯಿಸುತ್ತ, “ತಾಳಿ ಹರದ್ರ ಮಂದಿ ಏನ್ ಮಾಡ್ತಾರ? ಅಕ್ಕಸಾಲಿಗ ಕೂಡಿಸಿ ಕೊಡೋ ತನಕ ಕೊಳ್ಳಾಗ ಅರಷಣ ಬೇರು ಕಟ್ಕೊಳ್ಳಂಗಿಲ್ಲೇನು?” ಅಂದಳು. ನಾನು ಅವಳ ಹಿಟ್ಟಿನ ಕೈಗೆ ಮುತ್ತು ಕೊಟ್ಟೆ.

ಮರುದಿನವೇ ಒಂದು ದಾರಕ್ಕೆ ಅರಿಶಿನ ಹಚ್ಚಿ, ಅರಿಶಿನ ಕೊಂಬೊಂದನ್ನು ಪೋಣಿಸಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ. ಆದರೆ ಅದನ್ನು ಕಟ್ಟುವವರು ಯಾರು? ಮುತ್ತೈದೆಯೇ ಕಟ್ಟಬೇಕು. ನಾನು ಮದುವೆಯಾಗದವಳು, ದವಾಖಾನೆಯ ಆಯಾ ಗಂಡ ಸತ್ತವಳು, ಕರೀಂ ಸಾಹೇಬರ ಮಾತಂತೂ ಬೇಡ. ಕೊನೆಗೆ ಹೆಂಗಸರೇ ಬಗೆಹರಿಸಿಕೊಂಡರು. ಮೊದಲು ತೆಗೆಸಿಕೊಂಡವಳು ತನ್ನ ಕೊರಳಿನದನ್ನು ಬಿಚ್ಚಿ ಸರತಿಯಲ್ಲಿ ತನ್ನ ಹಿಂದೆ ನಿಂತವಳಿಗೆ ಕಟ್ಟುವಳು, ಅವಳು ಅವಳ ಹಿಂದಿನವಳಿಗೆ. ಹೀಗೆ ಒಂದೇ ಅರಿಶಿನ ಕೊಂಬು ಕೊರಳಿಂದ ಕೊರಳಿಗೆ ನಡೆಯಿತು. ಲಿಂಗಾಯತರು, ಕುರುಬರು, ಮರಾಠರು ಯಾರೂ ಅದನ್ನು ನೀನು ಯಾರ ಕೊರಳಿಂದ ಬಂದೆ ಅಂತ ಕೇಳಲಿಲ್ಲ.

ಕೇಳುತ್ತಿದ್ದುದು ನನ್ನನ್ನು. “ನೀ ಯಾರ ಪೈಕಿ ಬೇ?” ತಾಳಿ ಬಿಚ್ಚಿ ಕೈಯಲ್ಲಿ ಹಿಡಿದವರಿಗೆ ಅದನ್ನು ಯಾವ ಜಾತಿಯವಳ ಕೈಗೆ ಕೊಡುತ್ತಿದ್ದೇವೆನ್ನುವ ಚಿಂತೆ. ನಾನು ಒಂದು ಹಿತ್ತಾಳೆ ತಾಟು ತಂದು ಸ್ಟೂಲಿನ ಮೇಲಿಟ್ಟೆ. ಕೇಳುವ ಕಷ್ಟ ಅವರಿಗೂ ಬೇಡ, ಹೇಳುವ ಕಷ್ಟ ನನಗೂ ಬೇಡ. ತಾಳಿ ತಾಟಿಗೆ ಬೀಳುತ್ತಿತ್ತು, ಟಣ್ ಅನ್ನುತ್ತಿತ್ತು. ಆ ಸದ್ದು ನನಗೆ ಹಿತವಾಗಿರಲಿಲ್ಲ ಅನ್ನುವುದನ್ನು ಈಗ ಮುಚ್ಚಿಡುವುದೇಕೆ. ಆದರೆ ಕೆಲಸ ಸಾಗುತ್ತಿತ್ತು.

ಆ ಚಳಿಗಾಲವನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಬೆಳಿಗ್ಗೆ ಬಾವಿಯ ತಣ್ಣೀರು ಸೇದಿ ಔಷಧಿ ಕಲೆಸುವುದು, ಬಿಸಿಲು ಬಂದ ಮೇಲೆ ಅಂಗಳದಲ್ಲಿ ಕೂತ ಹೆಂಗಸರ ಸರತಿ ಮಾಡುವುದು. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇತ್ತು. ಅದು ತಿರುಗುವಾಗ ನಮ್ಮ ಯಂತ್ರಕ್ಕೆ ಕರೆಂಟು ಸಾಲುತ್ತಿರಲಿಲ್ಲ, ಎದೆಯ ಚಿತ್ರ ಮಬ್ಬಾಗಿ ಬರುತ್ತಿತ್ತು. ಪ್ರತಿ ಸಲ ನಾನು ಗೋಡೆಯ ಹತ್ತಿರ ಹೋಗಿ, “ಕಾಕಾ, ಗಿರಣಿ ನಿಂದ್ರಸ್ರಿ!” ಅಂತ ಕೂಗಬೇಕು. ಗಿರಣಿ ಕಾಕಾ ಬಯ್ಯುತ್ತ ನಿಲ್ಲಿಸುವರು. ಅಲ್ಲಿ ಜೋಳ ಬೀಸಿಸಲು ಬಂದ ಹೆಂಗಸರಲ್ಲಿ ಕೆಲವರು ಬುಟ್ಟಿ ಇಟ್ಟು, ಕೆಮ್ಮಿದೆ ಅಂತ ನಮ್ಮ ಸರತಿಗೂ ಬಂದು ನಿಲ್ಲುತ್ತಿದ್ದರು.

ಡಾಕ್ಟರಿಗೂ ಸಮಾಧಾನವಾಯಿತು. ಸಂಕ್ರಾಂತಿ ಕಳೆಯಲಿ, ಬೆಂಗಳೂರಿಗೆ ಬರೆಯೋಣ ಅಂದರು.

ಸಂಕ್ರಾಂತಿಗೆ ಮುಂಚೆ ನಮ್ಮೂರ ಹತ್ತಿರದ ಎಕಂಬಾದಿಂದ ಗಂಗಮ್ಮ ಅನ್ನುವವಳು ಬಂದಳು. ಕುರಿ ಸಾಕುವ ಮನೆ, ಕಂಕುಳಲ್ಲಿ ಹಾಲು ಕುಡಿಯುವ ಗಂಡುಮಗು, ಜೊತೆಗೆ ಅವಳ ಅತ್ತೆ ನಾಗಮ್ಮ. ಬಿಡದ ಕೆಮ್ಮು. ಎಲ್ಲರ ಹಾಗೆ ಅವಳ ಫಿಲ್ಮೂ ತೆಗೆದೆವು. ಡಾಕ್ಟರು ಕಿಟಕಿಗೆ ಹಿಡಿದರು. ಎದೆಯ ಮೇಲ್ಭಾಗದಲ್ಲಿ, ಬಲಗಡೆ ಕೊರಳೆಲುಬಿನ ಕೆಳಗೆ, ಒಂದು ಮಸುಕು ಕಲೆ. ಆ ಜಾಗದಲ್ಲಿ ಕಲೆ ಅಂದರೆ ಆ ಕಾಲದಲ್ಲಿ ಒಂದೇ ಅರ್ಥ, ಕ್ಷಯ. ಕಫ ಪರೀಕ್ಷೆಗೆ ಕಳಿಸೋಣ, ಅದು ಬರುವವರೆಗೆ ತಾಟು ಲೋಟ ಬೇರೆ ಇಡಿ, ಮಗುವನ್ನು ಹತ್ತಿರ ಬಿಡಬೇಡಿ ಅಂದರು. ನಾಗಮ್ಮ ಸೊಸೆಯ ಕಂಕುಳಿಂದ ಮಗುವನ್ನು ಎತ್ತಿಕೊಂಡಳು. ಗಂಗಮ್ಮನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

ಅದಾಗಿ ಕೆಲವು ದಿನಕ್ಕೆ ಭಾಲ್ಕಿಯಿಂದ ಬಂದಿದ್ದ ರತ್ನಾಬಾಯಿ ಅನ್ನುವವಳ ಫಿಲ್ಮು ಒಣಗಿ ಡಾಕ್ಟರ ಕೈಗೆ ಹೋಯಿತು. ಅವರು ಬಹಳ ಹೊತ್ತು ನೋಡಿ, “ಆ ಎಕಂಬಾದ ಹುಡುಗಿಯ ಫಿಲ್ಮು ತಾ,” ಅಂದರು. ತಂದುಕೊಟ್ಟೆ. ಎರಡನ್ನೂ ಅಕ್ಕಪಕ್ಕ ಹಿಡಿದರು.

“ಇವರಿಬ್ಬರೂ ಅಕ್ಕತಂಗಿಯರೇನಮ್ಮ?”

“ಅಲ್ಲರಿ. ಒಬ್ಬಾಕಿ ಎಕಂಬಾ, ಒಬ್ಬಾಕಿ ಭಾಲ್ಕಿ.”

“ಹಾಗಿದ್ದರೆ ಇಬ್ಬರ ಎದೆಯಲ್ಲೂ ಒಂದೇ ಕಲೆ ಹೇಗೆ ಬಂತು? ನೋಡು, ಇಬ್ಬರಿಗೂ ಪಕ್ಕದಲ್ಲೊಂದು ಚಿಕ್ಕ ಕವಲು.”

ನಾನು ನೋಡಿದೆ. ಬೆರಳಷ್ಟು ಉದ್ದ, ಪಕ್ಕದಲ್ಲಿ ಒಂದು ಮೊಳಕೆ. ನನ್ನ ಕಣ್ಣು ತಾನಾಗಿ ಬಾಗಿಲ ಪಕ್ಕದ ಮೊಳೆಗೆ ಹೋಯಿತು. ಕರೀಂ ಸಾಹೇಬರ ಕಣ್ಣೂ ಅಲ್ಲಿಗೇ ಹೋಗಿತ್ತು. ಹಲಗೆಗೆ ಎದೆ ಒತ್ತಿ ನಿಲ್ಲುವಾಗ ಕೊಂಬು ಚುಚ್ಚುತ್ತದೆ ಅಂತ ಕೆಲವರು ಅದನ್ನು ಹೆಗಲ ಕಡೆಗೆ ಸರಿಸಿಕೊಳ್ಳುತ್ತಿದ್ದರು. ಲೋಹವಲ್ಲವಲ್ಲ, ಒಣಬೇರು, ಇದಕ್ಕೇನು ನೆರಳು ಅಂತ ನಾವಿಬ್ಬರೂ ತಿಳಿದಿದ್ದೆವು. ಸಾಹೇಬರು ನೆಲ ನೋಡುತ್ತ ನಿಂತರು. ಶಿಫಾರಸು ಇನ್ನೂ ಬರೆದಿಲ್ಲ ಅನ್ನುವುದು ಅವರಿಗೂ ನೆನಪಿತ್ತು.

ನೆನಪಿದ್ದರೇನು, ಆ ಮಗುವೂ ನೆನಪಿತ್ತು. ಹೋಗಿ ದಾರ ತೆಗೆದುಕೊಂಡು ಬಂದು ಕೊಂಬನ್ನು ಡಾಕ್ಟರ ಅಂಗೈಯಲ್ಲಿ ಇಟ್ಟೆ. “ಇದೇ ಇರಬೇಕ್ರಿ,” ಅಂದೆ.

ಅವರು ಅದನ್ನು ಫಿಲ್ಮಿನ ಮೇಲೆ ಇಟ್ಟು ತಿರುಗಿಸಿದರು. ಕಲೆಯೊಳಗೆ ಕೊಂಬು ಕೀಲಿಯ ಹಾಗೆ ಕೂತಿತು. ಅವರಿಗೆ ನಗು ಬಂತು, ಬಂದ ನಗು ಅಲ್ಲೇ ನಿಂತಿತು. “ಆ ಮಗು ತಾಯಿ ಬಿಟ್ಟು ಎಷ್ಟು ದಿನ ಆಯ್ತಮ್ಮ? ತಪ್ಪು ನಿನ್ನದೊಂದೇ ಅಲ್ಲ, ನಾನೂ ನೋಡಿ ಕಲೆ ಅಂದವನೇ. ನೀನೇ ಹೋಗಿ ಅವಳನ್ನು ಕರೆದುಕೊಂಡು ಬಾ. ಏನೂ ಅಡ್ಡ ಇಲ್ಲದ ಫಿಲ್ಮು ತೆಗೆದು ಕೊಡು. ಆಮೇಲೆ ನಿನ್ನ ಬೆಂಗಳೂರಿನ ಮಾತು,” ಅಂದರು.

ಬಸ್ಸು ಹಿಡಿದು ಸಂತಪುರದಲ್ಲಿ ಇಳಿದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಟೊಪ್ಪಿಗೆ ಹಾಕಿಕೊಂಡು, “ನಡಿ, ನಾನೂ ಬರ್ತೇನಿ,” ಅಂದರು, ಅಷ್ಟೇ. ಎಕಂಬಾದ ದಾರಿಯ ಎರಡೂ ಕಡೆ ಜೋಳ ತೆನೆ ತುಂಬಿ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಒಂದಿಷ್ಟು ಕಡಲೆ ಕಿತ್ತು ತಿನ್ನುತ್ತ ಹೋಗುತ್ತಿದ್ದೆ.

ನಾಗಮ್ಮನ ಮನೆ ಮುಂದೆ ಮಗು ಅಳುತ್ತಿತ್ತು. ಅರಿವೆಯ ಬತ್ತಿ ಮಾಡಿ ಆಡಿನ ಹಾಲು ಕುಡಿಸುತ್ತಿದ್ದರು, ಅದು ಉಗುಳುತ್ತಿತ್ತು. ಗಂಗಮ್ಮ ಕುರಿದೊಡ್ಡಿಯ ಪಕ್ಕದ ಚಪ್ಪರದಲ್ಲಿ ಕೂತು, ಎರಡೂ ಕಿವಿ ಮುಚ್ಚಿಕೊಂಡಿದ್ದಳು.

“ಈಗ ಯಾಕ ಬಂದಿ? ಇನ್ನೇನ್ ಉಳದದ ನಮ್ಮ ಮನ್ಯಾಗ?” ನಾಗಮ್ಮ ನನ್ನನ್ನು ಕಂಡ ಕೂಡಲೇ ಎದ್ದಳು.

“ತಪ್ಪಾಗ್ಯಾದ ಅಮ್ಮಾ. ಆ ಕಲಿ ಗಂಗಮ್ಮಂದಲ್ರಿ. ಕೊಳ್ಳಾಗಿನ ಅರಷಣ ಬೇರಿಂದು.”

“ಏನಂದಿ? ಅರಷಣ ಸುಳ್ಳ ಹೇಳ್ತದೇನು? ಹುಟ್ಟಿದ್ ದಿನದಿಂದ ಮೈಗಿ ಹಚ್ಕೊಂಡೀವಿ, ಎಂದಾರ ಕೆಟ್ಟದ್ ಮಾಡ್ಯಾದೇನು?”

ಅಪ್ಪ ಮೆಲ್ಲಗೆ, “ಅರಷಣ ಸುಳ್ಳ ಹೇಳಲ್ರಿ ತಾಯಿ. ಅದರ ನೆರಳ ಹೇಳ್ಯಾದ. ಅದನ್ನ ಹೇಳಕೇ ಹುಡುಗಿ ಓಡಿ ಬಂದಾಳ. ಬರದಿದ್ರ ಯಾರ್ ಕೇಳ್ತಿದ್ರು ಆಕಿಗಿ?” ಅಂದರು. ನಾಗಮ್ಮ ನನ್ನ ಧೂಳು ಮೆತ್ತಿದ ಕಾಲು ನೋಡಿದಳು. ಚಪ್ಪರದ ಕಡೆ ನೋಡಿದಳು. “ನೀರ್ ಕುಡದ್ರೇನು?” ಅಂತ ಕೇಳಿ, ತಾನೇ ತಂಬಿಗೆ ತಂದಿಟ್ಟಳು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅತ್ತೆ, ಸೊಸೆ, ಮಗು ಮೂವರೂ ನನ್ನೊಡನೆ ಬೀದರಿಗೆ ಬಂದರು. ಗಂಗಮ್ಮ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಮಗು ಅಜ್ಜಿಯ ಹೆಗಲ ಮೇಲಿಂದ ತಾಯಿಯನ್ನೇ ನೋಡುತ್ತ ಬಂತು.

ಎಕ್ಸರೇ ಕೋಣೆಯಲ್ಲಿ ಎಲ್ಲ ಸಿದ್ಧವಾಯಿತು. ಗಿರಣಿ ನಿಲ್ಲಿಸಿದ್ದಾಯಿತು. ಈಗ ತಾಳಿ ತೆಗೆಯಬೇಕು, ಕೊಂಬು ಕಟ್ಟುವಂತಿಲ್ಲ. “ಬರೀ ಹಳದಿ ದಾರ ಸಾಲದೇನ್ರಿ ಅಮ್ಮಾ?” ಅಂತ ಕೇಳಿದೆ.

“ಬರೀ ದಾರ ಕುರಿಗಿ ಕಟ್ತಾರ,” ಅಂದಳು ನಾಗಮ್ಮ. “ನನ್ ಮಗ ಜೀವಂತ ಅದಾನ.”

ಗಂಗಮ್ಮ ತಲೆ ಬಗ್ಗಿಸಿ ನಿಂತಿದ್ದಳು. ಕರೀಂ ಸಾಹೇಬರು ಯಂತ್ರದ ಹಿಂದೆ ಮರದ ಪರದೆಯ ಮರೆಯಲ್ಲಿ ಕಾಯುತ್ತ ನಿಂತಿದ್ದರು. ಗೋಡೆಯಾಚೆಯಿಂದ ಗಿರಣಿ ಕಾಕಾ, “ಆಯ್ತೇನ್ ಬೇ ನಿಮ್ದು? ಇಲ್ಲಿ ಮಂದಿ ನಿಂತದ!” ಅಂತ ಕೂಗಿದರು. ಎಲ್ಲ ಕೈಜಾರಿತು ಅಂದುಕೊಂಡೆ. ಫಿಲ್ಮು ಇಲ್ಲ, ಶಿಫಾರಸು ಇಲ್ಲ, ಈ ತಾಯಿಗೆ ಮಗು ಇಲ್ಲ.

ನಾಗಮ್ಮ ಕೊಂಬನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, “ನಿಮ್ಮ ಫೋಟೋದಾಗ ಕೈ ಬರ್ತದೇನು?” ಅಂತ ಕೇಳಿದಳು.

“ಇಲ್ರಿ. ಎದಿ ಅಷ್ಟೇ.”

“ಮತ್ತ ಅಷ್ಟ್ ಹೇಳಬಾರ್ದೇನು! ಲಗ್ನದಾಗ ಕಂಕಣ ಎಲ್ಲಿಗಿ ಕಟ್ತಾರ? ಕೈಗೇ ಕಟ್ತಾರ. ಇದೇ ಅರಷಣ ಬೇರೇ ಇರ್ತದ.” ಹೇಳುತ್ತಲೇ ದಾರದಿಂದ ಕೊಂಬು ಬಿಚ್ಚಿದಳು. ಹಳದಿ ದಾರ ಸೊಸೆಯ ಕೊರಳಿಗೆ, ಕೊಂಬು ಸೊಸೆಯ ಮುಂಗೈಗೆ. ಹಲ್ಲಿನಿಂದ ಗಂಟು ಬಿಗಿದಳು. ಆಮೇಲೆ ತಾಳಿ ತೆಗೆದಳು.

ನಾನು ರೂಢಿಯಂತೆ ತಾಟು ಮುಂದೆ ಸರಿಸಿದೆ. ನಾಗಮ್ಮ ತಾಟನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಯಾರ ಪೈಕಿ ಅನ್ನುವುದು ಅವಳಿಗೆ ಗೊತ್ತಿತ್ತು. ಸಂತಪುರದ ಮಾಸ್ತರು ಯಾರೆಂದು ಆ ಕಡೆ ಯಾರಿಗೆ ಗೊತ್ತಿಲ್ಲ?

“ಕೈ ಹಿಡಿ,” ಅಂದಳು.

ಹಿಡಿದೆ. ತಾಳಿಯನ್ನು ನನ್ನ ಅಂಗೈಗೆ ಹಾಕಿ, ನನ್ನ ಬೆರಳುಗಳನ್ನು ತಾನೇ ಮಡಿಸಿದಳು. “ಗಟ್ಟಿ ಹಿಡಿ. ನನ್ ಮಗನ ಆಯುಷ್ಯ ಅದ ಅದು.”

ಅದು ಗಂಗಮ್ಮನ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಸಾಹೇಬರು, “ಸಾಂಸ್ ರೋಕೋ, ಉಸಿರು ಹಿಡಿ ಬೇಟಿ,” ಅಂದರು. ಗಂಗಮ್ಮ ಹಿಡಿದಳು, ನಾಗಮ್ಮ ಹಿಡಿದಳು, ನಾನೂ ಹಿಡಿದೆ. ಯಂತ್ರ ಗುಂಯ್ ಅಂದು ನಿಂತಿತು.

ಫಿಲ್ಮು ತೊಳೆದವಳು ನಾನೇ. ಕೆಂಪು ಬೆಳಕಿನಲ್ಲಿ ಪಕ್ಕೆಲುಬುಗಳು ಒಂದೊಂದಾಗಿ ಮೂಡಿದವು. ಹಂಸ್ಲಿ ಮೂಡಿತು, ಅದರ ಕೆಳಗೆ ನೋಡಿದೆ. ಏನೂ ಇರಲಿಲ್ಲ. ಒಣಗುವ ತನಕ ಕಾಯದೆ, ನೀರು ತೊಟ್ಟಿಕ್ಕುವ ಫಿಲ್ಮನ್ನೇ ಹಿಡಿದು ಅಂಗಳಕ್ಕೆ ಓಡಿದೆ. ಡಾಕ್ಟರು ಬಿಸಿಲಿಗೆ ಹಿಡಿದು ನೋಡಿ, “ಎದೆ ಶುದ್ಧವಾಗಿದೆಯಮ್ಮ,” ಅಂದರು. ಕಫದ ಪರೀಕ್ಷೆಯೂ ಏನಿಲ್ಲವೆಂದು ಬಂದಿತ್ತು. ಕುರಿಯ ಉಣ್ಣೆ, ಹೊಟ್ಟಿನ ಧೂಳು, ಅದರ ಕೆಮ್ಮು ಅಂತ ಒಂದು ಔಷಧಿ ಬರೆದುಕೊಟ್ಟರು. ಅವರು ಬರೆದು ಮುಗಿಸುವ ಮುಂಚೆಯೇ ಮಗು ತಾಯಿಯ ಸೆರಗಿನೊಳಗೆ ಸೇರಿತ್ತು. ಗಂಗಮ್ಮ ಗೋಡೆಯ ಕಡೆ ತಿರುಗಿ ಕೂತು ಅತ್ತಳು. ಗಿರಣಿ ಮತ್ತೆ ಶುರುವಾದ ಸದ್ದಿನಲ್ಲಿ ನಾನೂ ಒಂದಿಷ್ಟು ಅತ್ತೆ, ಯಾರಿಗೂ ಕೇಳಿಸಲಿಲ್ಲ.

ರತ್ನಾಬಾಯಿಯ ಕಥೆ ಹಾಗಾಗಲಿಲ್ಲ. ಅವಳ ಫಿಲ್ಮನ್ನೂ ಮತ್ತೆ ತೆಗೆದು ಕೊಂಬಿನ ನೆರಳು ಹೋದ ಮೇಲೆ, ಅದರ ಹಿಂದೆ ಅಡಗಿದ್ದ ಒಂದು ಚಿಕ್ಕ ಕಲೆ ನಿಜವಾಗಿಯೂ ಉಳಿಯಿತು. ಬೇಗ ಸಿಕ್ಕಿದ್ದರಿಂದ ಸೂಜಿಮದ್ದಿಗೆ ಬಗ್ಗಿತು. ಮುಂದೆ ಎಷ್ಟೋ ವರ್ಷ ನಾನು ಭಾಲ್ಕಿಗೆ ಹೋದಾಗಲೆಲ್ಲ ಕೈಹಿಡಿದು ಕೂರಿಸಿ ಹೋಳಿಗೆ ಬಡಿಸುತ್ತಿದ್ದಳು.

ಡಾಕ್ಟರು ಅಂದೇ ಶಿಫಾರಸು ಬರೆದರು. “ಅಡಗಿಸಿದ್ದರೆ ಬರೀತಿರಲಿಲ್ಲ,” ಅಂದರು. ಬೇಸಿಗೆಯಲ್ಲಿ ಅಪ್ಪ ನಾನು ಇಬ್ಬರೂ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ಬೆಂಗಳೂರು ಮುಟ್ಟಿದೆವು. ಸಂದರ್ಶನದಲ್ಲಿ ನನ್ನ ಕನ್ನಡ ಕೇಳಿ ಒಬ್ಬರು ನಕ್ಕರು, ಹುಡುಗಿ ಯಾವ ಭಾಷೆಯವಳು ಅಂತ ಇನ್ನೊಬ್ಬರನ್ನು ಕೇಳಿದರು. ಎಲುಬಿನ ಹೆಸರು ಕೇಳಿದಾಗ ಗಾಬರಿಗೆ ಬಾಯಲ್ಲಿ ಹಂಸ್ಲಿಯೇ ಬಂತು. ಕೊನೆಗೆ ಹಿರಿಯರೊಬ್ಬರು, “ಎದೆಯ ಫಿಲ್ಮಿನ ಮೇಲ್ಭಾಗದಲ್ಲಿ ಕಲೆ ಕಂಡರೆ ಮೊದಲು ಏನು ಮಾಡ್ತೀಯಮ್ಮ?” ಅಂತ ಕೇಳಿದರು.

“ಮೊದಲಿಗಿ ಪೇಶಂಟಿನ ಕೊಳ್ಳ ನೋಡ್ತೇನ್ರಿ,” ಅಂದೆ.

ಎಲ್ಲರೂ ನಕ್ಕರು, ಯಾಕೆ ಅಂತ ಕೇಳಿದರು, ನಾನು ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಸೀಟು ಸಿಕ್ಕಿತು. ಕಲಿತು ಬಂದು ನಮ್ಮ ಜಿಲ್ಲೆಯಲ್ಲೇ ಸೇವೆ ಮುಗಿಸಿದೆ. ಎಷ್ಟೋ ಹುಡುಗಿಯರು ನನ್ನ ಕೈಕೆಳಗೆ ಈ ಕೆಲಸ ಕಲಿತು ಎಲ್ಲೆಲ್ಲಿಗೋ ಹೋದರು. ಕರೀಂ ಸಾಹೇಬರು ತಮ್ಮ ಉರ್ದು ಪುಸ್ತಕವನ್ನು ನನಗೇ ಕೊಟ್ಟು ಹೋದರು.

ಸಿರ್ಕಾದ ವಾಸನೆ ಹಿಡಿದ ಆ ದಿನವೇ ಪ್ರಜ್ಞಾ ನನ್ನ ಮೊಣಕಾಲಿನ ಎಕ್ಸರೇ ತೆಗೆಸಲು ಕರೆದುಕೊಂಡು ಹೋದಳು. ಹೊಸ ಕಟ್ಟಡ, ತಣ್ಣನೆ ಗಾಳಿ, ಎಕ್ಸರೇ ಕೋಣೆಯ ಹೊರಗೆ ಹಸಿರು ಪರದೆ. ನನ್ನ ಮುಂದಿದ್ದ ಹೆಂಗಸು ಕೆಮ್ಮುತ್ತಿದ್ದಳು. ತಂತ್ರಜ್ಞೆ ಒಬ್ಬ ಎಳೆಯ ಹುಡುಗಿ. ತಾಳಿ ತೆಗೆಯಬೇಕು ಅಂದಾಗ ಆ ಹೆಂಗಸು ಸೆರಗು ಬಿಗಿದುಕೊಂಡಳು. ಹುಡುಗಿ ಬೇಸರ ಮಾಡಲಿಲ್ಲ. ಡ್ರಾ ಎಳೆದು ಹಳದಿ ದಾರ ತೆಗೆದಳು, ಹೆಂಗಸಿನ ಜೊತೆ ಬಂದಿದ್ದ ಅಕ್ಕನ ಕೈಗೆ ಕೊಟ್ಟಳು. ದಾರ ಕೊರಳಿಗೆ ಬಂತು. ಆಮೇಲೆ ಅದೇ ಡ್ರಾದಿಂದ ಒಂದು ಅರಿಶಿನ ಕೊಂಬು ಬಂತು, ಅದು ಮುಂಗೈಗೆ.

ನನ್ನ ಮೊಣಕಾಲಿನ ನೋವು ಎಲ್ಲಿಗೆ ಹೋಯಿತೋ. “ಕೈಗಿ ಯಾಕ ಕಟ್ಟಸ್ತಿ ತಾಯಿ?” ಅಂತ ಕೇಳಿದೆ.

“ಎದಿ ಮ್ಯಾಲಿದ್ರ ಕಲಿ ಬಿದ್ದಂಗ ಕಾಣ್ತದಂತ್ರಿ ಆಯಿ.”

“ಯಾರ್ ಹೇಳ್ಯಾರ?”

“ಯಾರಿಗಿ ಗೊತ್ರಿ. ನಮ್ಮ ಮೇಡಂ ಕಲಸ್ಯಾರ, ಅವರಿಗಿ ಅವರ ಮೇಡಂ. ಮೊದಲಿಂದ ಹಿಂಗೇ ಅದ.”

ಯಾರೆಂದು ಹೇಳಹೊರಟರೆ ನಾಗಮ್ಮನ ಹೆಸರು ಹೇಳಬೇಕಿತ್ತು, ಅದು ದೊಡ್ಡ ಕಥೆ, ಹುಡುಗಿಗೆ ಕೆಲಸವಿತ್ತು. ಕೆಮ್ಮುತ್ತಿದ್ದ ಹೆಂಗಸು ತಾಳಿ ಬಿಚ್ಚಿ, ಯಾರ ಪೈಕಿ ಅಂತ ಕೇಳದೆ, ಅದನ್ನು ಹುಡುಗಿಯ ಅಂಗೈಗೆ ಹಾಕಿದಳು. ಹುಡುಗಿ ಮುಷ್ಟಿ ಬಿಗಿದಳು. ನಾನು ಕೋಣೆಯೆಲ್ಲ ಕಣ್ಣಾಡಿಸಿದೆ. ತಾಟು ಎಲ್ಲೂ ಇರಲಿಲ್ಲ.